ಹತ್ತು ದಿನದ ಮಿಷನ್: ಹಾನಗಲ್ ಸೀಮೆಗೆ ಹೋಗುವ ತಂಡಗಳ ಗಮನಕ್ಕೆ

ಅಕ್ಟೋಬರ್ ತಿಂಗಳ ಕೊನೆಯಿಂದ ಎರಡನೆಯ ಭಾನುವಾರ ವಿಶ್ವ ಮಿಷನ್ ಭಾನುವಾರ. 1926ರಲ್ಲಿ ಪೋಪ್ ಹನ್ನೊಂದನೇ ಪಿಯುಸ್ ಅವರು ಆರಂಭಿಸಿದ ಈ ದಿನವನ್ನು ನಮ್ಮ ಕರಾವಳಿಯ ಧರ್ಮಕೇಂದ್ರಗಳು ಉತ್ಸಾಹದಿಂದಲೇ ಆಚರಿಸುತ್ತವೆ. ಬಾಳೆಗೊನೆ, ತೆಂಗಿನಕಾಯಿ, ಕೋಳಿಗಳ ಏಲಂ ನಡೆಯುತ್ತದೆ, ತಿಂಡಿ ಮಳಿಗೆಗಳಿರುತ್ತವೆ, ಕಾಣಿಕೆಯೂ ಚೆನ್ನಾಗಿಯೇ ಕೂಡುತ್ತದೆ. ಹಣ ಕಳುಹಿಸಿದರೆ ಸಾಲದು, ನಾವೇ ಹೋಗಿ ನೋಡಬೇಕು ಎಂಬ ಆಸೆ ಈಚಿನ ವರ್ಷಗಳಲ್ಲಿ ಯುವಜನರಲ್ಲಿ ಕಾಣುತ್ತಿದೆ. ಆದ್ದರಿಂದ ಮೇ ತಿಂಗಳ ರಜೆಯಲ್ಲಿ ಅಥವಾ ದಸರಾ ರಜೆಯಲ್ಲಿ ಘಟ್ಟ ಹತ್ತಿ ಒಂದು ವಾರವೋ ಹತ್ತು ದಿನವೋ ಇದ್ದು ಬರುವ ತಂಡಗಳಿವೆ. ಮಿಷನ್ ಕ್ಯಾಂಪ್, ಗ್ರಾಮ ಶಿಬಿರ ಎಂದು ಹೆಸರು ಬೇರೆ ಬೇರೆ.

ಈ ತಂಡಗಳಲ್ಲಿ ಶುಭಸಂದೇಶ ಸಾರುವಿಕೆಗೆ ಯಾವ ಸ್ಥಾನವಿದೆ ಎಂಬುದನ್ನು ಕುರಿತು ಇಲ್ಲಿ ಬರೆಯುತ್ತಿದ್ದೇವೆ. ಉದಾಹರಣೆಗೆ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯನ್ನು ತೆಗೆದುಕೊಂಡಿದ್ದೇವೆ. ಕರಾವಳಿಗೆ ಇದು ದೂರವಲ್ಲ, ಆದರೆ ನಮ್ಮ ಜನರಿಗೆ ಪರಿಚಯ ಕಡಿಮೆ.

ಸ್ಥಳ ಪರಿಚಯ

ಹಾವೇರಿ ಜಿಲ್ಲೆ 1997ರ ಆಗಸ್ಟ್ 24ರಂದು ಧಾರವಾಡದಿಂದ ಬೇರೆಯಾಯಿತು. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ ಸುಮಾರು 16 ಲಕ್ಷ. ಕ್ರೈಸ್ತರು ತೀರ ಅಲ್ಪಸಂಖ್ಯಾತರು. ಹಾನಗಲ್ ಮಲೆನಾಡಿನ ಸೆರಗಿನಲ್ಲಿರುವುದರಿಂದ ಅಲ್ಲಿ ಭತ್ತದ ಗದ್ದೆಗಳನ್ನೂ ಮಾವಿನ ತೋಟಗಳನ್ನೂ ನೋಡಬಹುದು. ಹಿರೇಕೆರೂರಿನ ಕಡೆಗೆ ಹೋದಂತೆ ಗೋವಿನಜೋಳ, ಹತ್ತಿ. ಕರಾವಳಿಯ ತಂಡಕ್ಕೆ ರಜೆ ಇರುವ ಅಕ್ಟೋಬರ್ ಅಲ್ಲಿ ಕೊಯ್ಲಿನ ಸಮಯ. ಹಗಲು ಹನ್ನೊಂದಕ್ಕೆ ಮನೆ ಮನೆ ಭೇಟಿ ಇಟ್ಟುಕೊಂಡರೆ ಬಾಗಿಲು ತೆರೆಯಲು ಅಜ್ಜಿ ಒಬ್ಬಳೇ ಇರುತ್ತಾಳೆ. ಕಾರ್ಯಕ್ರಮ ಪಟ್ಟಿ ಮಾಡುವಾಗ ಇದನ್ನು ಯಾರೂ ಯೋಚಿಸುವುದಿಲ್ಲ.

ಧರ್ಮಸಭೆಯ ಆಡಳಿತದ ದೃಷ್ಟಿಯಿಂದ ಹಾವೇರಿ ಜಿಲ್ಲೆ 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದೆ. ಹಾನಗಲ್ಲಿನಿಂದ ಪಶ್ಚಿಮಕ್ಕೆ ಮುಂಡಗೋಡ ಅಥವಾ ಶಿರಸಿಯ ಕಡೆಗೆ ದಾಟಿದರೆ 1976ರಲ್ಲಿ ಸ್ಥಾಪನೆಯಾದ ಕಾರವಾರ ಧರ್ಮಪ್ರಾಂತ್ಯ. ದಕ್ಷಿಣಕ್ಕೆ ಸೊರಬ, ಶಿಕಾರಿಪುರದ ಕಡೆಗೆ ಹೋದರೆ 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯ. ಒಂದೇ ದಿನ ಬಸ್ಸಿನಲ್ಲಿ ಸುತ್ತಾಡಿದರೆ ಮೂವರು ಧರ್ಮಾಧ್ಯಕ್ಷರ ಅಧಿಕಾರ ವ್ಯಾಪ್ತಿಯನ್ನು ದಾಟಿ ಬರಬಹುದು. ಇದು ಕೇವಲ ಭೂಪಟದ ಮಾತಲ್ಲ ಎಂಬುದು ಮುಂದೆ ತಿಳಿಯುತ್ತದೆ.

ಇನ್ನು ಈ ಮಣ್ಣಿನ ಧಾರ್ಮಿಕ ಪರಂಪರೆ. ಕನಕದಾಸರ ಜನ್ಮಸ್ಥಳವಾದ ಬಾಡ ಶಿಗ್ಗಾಂವಿ ತಾಲ್ಲೂಕಿನಲ್ಲಿದೆ, ಅವರ ಕಾಗಿನೆಲೆ ಪಕ್ಕದ ಬ್ಯಾಡಗಿ ತಾಲ್ಲೂಕಿನಲ್ಲಿ. ಸಂತ ಶಿಶುನಾಳ ಶರೀಫರು (1819–1889) ಶಿಗ್ಗಾಂವಿ ತಾಲ್ಲೂಕಿನವರೇ. ಮುಸ್ಲಿಂ ಮನೆಯಲ್ಲಿ ಹುಟ್ಟಿ ಗೋವಿಂದ ಭಟ್ಟರ ಶಿಷ್ಯರಾದ ಅವರ ಗದ್ದುಗೆಗೆ ಇಂದಿಗೂ ಹಿಂದೂ, ಮುಸ್ಲಿಂ ಇಬ್ಬರೂ ನಡೆದುಕೊಳ್ಳುತ್ತಾರೆ. 1909ರಲ್ಲಿ ಶಿವಯೋಗ ಮಂದಿರವನ್ನು ಸ್ಥಾಪಿಸಿದ ಕುಮಾರ ಶಿವಯೋಗಿಗಳನ್ನು ಜನ ಕರೆಯುವುದೇ ಹಾನಗಲ್ ಕುಮಾರಸ್ವಾಮಿಗಳೆಂದು. ಸವಣೂರು ನವಾಬರ ಊರು. ದೇವರ ಮಾತನ್ನು ಮೊದಲ ಬಾರಿ ಕೇಳುತ್ತಿರುವ ಜನರ ಬಳಿಗೆ ಹೋಗುತ್ತಿದ್ದೇವೆ ಎಂದು ತಿಳಿದು ಹೋದ ತಂಡ ಮೊದಲ ಸಂಜೆಯೇ ಮುಜುಗರಕ್ಕೆ ಒಳಗಾಗುತ್ತದೆ. ಅಲ್ಲಿನ ಕಟ್ಟೆಯ ಮೇಲೆ ಕುಳಿತ ಹಿರಿಯರಿಗೆ ವಚನ, ಕೀರ್ತನೆ, ತತ್ವಪದಗಳು ಬಾಯಿಪಾಠ. ನಮ್ಮ ಯುವಕನಿಗೆ ಯೇಸುಸ್ವಾಮಿ ಹೇಳಿದ ಸಾಮತಿಗಳಲ್ಲಿ ಮೂರನ್ನು ತಡವರಿಸದೆ ಕನ್ನಡದಲ್ಲಿ ಹೇಳಲು ಬರುತ್ತದೆಯೇ? ತಂಡದ ಸಿದ್ಧತೆ ಇಲ್ಲಿಂದ ಶುರುವಾಗಬೇಕು.

ಹಿಂದೆ ಬಂದವರು

ಅಲ್ಪಾವಧಿ ಮಿಷನ್ ಎಂಬ ಮಾತು ಬಳಕೆಗೆ ಬಂದದ್ದು ಹೆಚ್ಚಾಗಿ ಪ್ರೊಟೆಸ್ಟೆಂಟ್ ಸಭೆಗಳಲ್ಲಿ. 1960ರಲ್ಲಿ ಅಮೆರಿಕದಲ್ಲಿ ಆರಂಭವಾದ ಯೂತ್ ವಿತ್ ಎ ಮಿಷನ್‌ನಂಥ ಸಂಸ್ಥೆಗಳು ಯುವಜನರನ್ನು ಕೆಲವು ವಾರ, ತಿಂಗಳುಗಳ ಮಟ್ಟಿಗೆ ಕಳುಹಿಸುವ ಪದ್ಧತಿಯನ್ನು ಬೆಳೆಸಿದವು. ಆದರೆ ಊರಿಂದ ಊರಿಗೆ ಸುತ್ತಿ ಸಾರುವ ಕೆಲಸ ಧಾರವಾಡ ಸೀಮೆಗೆ ಅದಕ್ಕಿಂತ ಬಹಳ ಹಳೆಯದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಬೆಟಗೇರಿಯಲ್ಲಿ ಕೇಂದ್ರಗಳನ್ನು ತೆರೆದರು. ಚಳಿಗಾಲದಲ್ಲಿ ಅವರು ಉಪದೇಶಿಗಳ ಜೊತೆ ಹಳ್ಳಿ, ಸಂತೆ, ಜಾತ್ರೆಗಳನ್ನು ಸುತ್ತುತ್ತಿದ್ದರು. ಒಂದು ಊರಿನಲ್ಲಿ ನಿಲ್ಲುತ್ತಿದ್ದುದು ಸ್ವಲ್ಪ ಹೊತ್ತೇ. ಆದರೆ ಸುತ್ತುವವರ ಮನೆ ಇದೇ ಸೀಮೆಯಲ್ಲಿತ್ತು, ಭಾಷೆಯೂ ಇದೇ ಆಗಿತ್ತು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ದೇಶೀ ಛಂದಸ್ಸಿನಲ್ಲಿ ‘ಕಥಾಮಾಲೆ’ ಎಂಬ ಹೆಸರಿನಿಂದ ಬರೆದು ಪ್ರಕಟಿಸಿದರು. ನಿಘಂಟು ಬಂದದ್ದು 1894ರಲ್ಲಿ. ನಿಘಂಟನ್ನು ಎಲ್ಲರೂ ಹೊಗಳುತ್ತೇವೆ. ಕಥಾಮಾಲೆಯ ಹಿಂದಿದ್ದ ಪ್ರಶ್ನೆಯನ್ನು, ಅಂದರೆ ಈ ಜನರ ಕಿವಿಗೆ ಹಿತವಾಗುವ ಹಾಗೆ ಯೇಸುವಿನ ಕಥೆಯನ್ನು ಹೇಗೆ ಹೇಳಬೇಕು ಎಂಬುದನ್ನು, ನಮ್ಮ ಶಿಬಿರಗಳು ಕೇಳಿಕೊಳ್ಳುವುದೇ ಇಲ್ಲ.

ಅದೇ ಮಿಷನ್‌ನ ಇನ್ನೊಂದು ಅನುಭವವೂ ಉಪಯುಕ್ತ. ಕಾಲಜ್ಞಾನದ ನುಡಿಗಳನ್ನು ನಂಬುತ್ತಿದ್ದ ಒಂದು ಪಂಥದವರು ಗುಂಪು ಗುಂಪಾಗಿ ಕ್ರೈಸ್ತರಾಗುತ್ತಾರೆಂಬ ನಿರೀಕ್ಷೆ 1840ರ ಸುಮಾರಿಗೆ ಮೂಡಿತು. ಗದಗ–ಬೆಟಗೇರಿಯ ಸಮೀಪ ಮಲಸಮುದ್ರದಲ್ಲಿ 1841ರಲ್ಲಿ ಒಂದು ಕೃಷಿ ವಸಾಹತನ್ನೇ ಆರಂಭಿಸಲಾಯಿತು. ನಿರೀಕ್ಷಿಸಿದ ಸಮೂಹ ಬರಲಿಲ್ಲ. ಹೊಲವೂ ದೀಕ್ಷಾಸ್ನಾನವೂ ಒಂದೇ ಅಂಗಳದಲ್ಲಿ ನಿಂತರೆ ಬಂದವನು ಯಾವುದಕ್ಕಾಗಿ ಬಂದ ಎಂದು ಅವನಿಗೂ ಹೇಳಲು ಕಷ್ಟ. ಇದನ್ನು ನಾವು ಆ ಮಿಷನರಿಗಳನ್ನು ಹಳಿಯಲು ಬರೆಯುತ್ತಿಲ್ಲ. ಅವರ ಶ್ರಮ ದೊಡ್ಡದು. ಕಥೋಲಿಕ ಮಿಷನ್‌ಗಳೂ ಇದೇ ಇಕ್ಕಟ್ಟನ್ನು ಕಂಡಿವೆ.

ಕರಾವಳಿಯವರಾದ ನಮಗೆ ಹತ್ತಿರದ ಮಾದರಿ ಸಂತ ಜೋಸೆಫ್ ವಾಜ್. ಗೋವೆಯಿಂದ 1681ರಲ್ಲಿ ಕೆನರಾ ಮಿಷನ್ನಿಗೆ ಬಂದ ಅವರು 1684ರವರೆಗೆ ಮಾತ್ರ ಇಲ್ಲಿದ್ದರು. ಮೂರೇ ವರ್ಷ. ಅವರು ಬಂದಾಗ ಗೋವೆಯ ಪಾದ್ರುವಾದೊ ಅಧಿಕಾರಕ್ಕೂ ರೋಮ್ ನೇಮಿಸಿದ ಬಿಷಪ್ ತೋಮಸ್ ದೆ ಕಾಸ್ತ್ರೊ ಅವರಿಗೂ ನಡುವೆ ಅಧಿಕಾರದ ವಿವಾದವಿತ್ತು, ಯಾರು ಕೊಟ್ಟ ಸಂಸ್ಕಾರ ಸಿಂಧು ಎಂದು ಭಕ್ತರೇ ಗೊಂದಲದಲ್ಲಿದ್ದರು. ವಾಜ್ ಅವರು ಜಗಳ ಬೆಳೆಸಲಿಲ್ಲ, ಸಮಾಧಾನಕ್ಕೆ ಶ್ರಮಿಸಿದರು. ಮುಂದೆ 1687ರಲ್ಲಿ ಡಚ್ಚರ ನಿರ್ಬಂಧವಿದ್ದ ಸಿಲೋನಿಗೆ ವೇಷ ಮರೆಸಿ ಹೋದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿ ಜನ ಊರು ಬಿಟ್ಟಾಗ ರೋಗಿಗಳ ಸೇವೆಗೆ ನಿಂತರು. 1711ರಲ್ಲಿ ಅಲ್ಲಿಯೇ ತೀರಿಕೊಂಡರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅವರು ಕೊಲಂಬೊದಲ್ಲಿ ಅವರನ್ನು ಸಂತ ಪದವಿಗೇರಿಸಿದರು. ಹಂಚಲು ಅವರ ಕೈಯಲ್ಲಿ ಏನೂ ಇರಲಿಲ್ಲ ಎಂಬುದನ್ನು ಶಿಬಿರದ ಬಜೆಟ್ ಸಭೆಯಲ್ಲಿ ಒಮ್ಮೆ ನೆನಪಿಸಿಕೊಂಡರೆ ಒಳ್ಳೆಯದು.

ಎರಡು ತರಹದ ತಂಡಗಳು

ನಾವು ಕಂಡ ಹಾಗೆ ತಂಡಗಳು ಎರಡು ರೀತಿಯಲ್ಲಿ ದಾರಿ ತಪ್ಪುತ್ತವೆ.

ಮೊದಲನೆಯದು, ಎಲ್ಲವನ್ನೂ ಮಾಡಿ ಯೇಸುವಿನ ಹೆಸರನ್ನೇ ಹೇಳದ ತಂಡ. ಶಾಲೆಗೆ ಬಣ್ಣ ಬಳಿದರು, ಕಣ್ಣಿನ ತಪಾಸಣೆ ಮಾಡಿಸಿದರು, ಮಕ್ಕಳಿಗೆ ಆಟ ಆಡಿಸಿದರು, ಬೀದಿ ನಾಟಕ ಆಡಿದರು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಇದನ್ನು ಕಾಲೇಜಿನ ಎನ್‌ಎಸ್‌ಎಸ್ ಘಟಕವೂ ಮಾಡುತ್ತದೆ, ಬಹುಶಃ ಇನ್ನೂ ಚೆನ್ನಾಗಿ. ತಂಡದವರು ಬೆಳಿಗ್ಗೆ ಬಲಿಪೂಜೆಗೆ ಎದ್ದಿರುವುದಿಲ್ಲ, ರಾತ್ರಿ ಬೈಬಲ್ ತೆರೆದಿರುವುದಿಲ್ಲ. ಊರಿನವರು ಕೇಳಿದಾಗ ಹೇಳಲು ಮಾತಿಲ್ಲ. ಆ ಕಡೆಯ ಜನ ನೇರವಾಗಿ ಕೇಳುತ್ತಾರೆ: “ಯಾಕ ಬಂದೀರಿ?” ಈ ಪ್ರಶ್ನೆಗೆ ನಮ್ಮ ಹುಡುಗರು ‘ಸುಮ್ಮನೆ, ಸಮಾಜ ಸೇವೆ’ ಎನ್ನುತ್ತಾರೆ. ಕೇಳಿದವನು ನಂಬುವುದಿಲ್ಲ. ಇಷ್ಟು ದೂರದಿಂದ ಯಾರೂ ಸುಮ್ಮನೆ ಬರುವುದಿಲ್ಲ ಎಂದು ಅವನಿಗೆ ಗೊತ್ತು. ಮುಚ್ಚಿಟ್ಟ ಉತ್ತರವೇ ಅನುಮಾನ ಹುಟ್ಟಿಸುತ್ತದೆ.

ಎರಡನೆಯದು, ಅವಸರದ ತಂಡ. ಹತ್ತು ದಿನದಲ್ಲಿ ಎಷ್ಟು ಹಳ್ಳಿ, ಎಷ್ಟು ಕರಪತ್ರ, ಎಷ್ಟು ಜನರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಎಂದು ಲೆಕ್ಕ ಇಡುವವರು. ಬಸ್ ನಿಲ್ದಾಣದಲ್ಲಿ ಹಂಚಿದ ಕರಪತ್ರ ಸಂಜೆಯ ಹೊತ್ತಿಗೆ ಮಂಡಕ್ಕಿಯ ಪೊಟ್ಟಣವಾಗಿರುತ್ತದೆ, ಅದು ದೊಡ್ಡ ನಷ್ಟವಲ್ಲ. ನಷ್ಟ ಆಗುವುದು ಬೇರೆ ಕಡೆ. ತಂಡದ ಬಸ್ಸು ಘಟ್ಟ ಇಳಿದ ಮೇಲೆ ಅಲ್ಲಿ ಉಳಿಯುವವರು ಯಾರು? ಒಬ್ಬ ಧರ್ಮಗುರು, ಇಬ್ಬರು ಮೂವರು ಧರ್ಮಭಗಿನಿಯರು, ಒಬ್ಬ ಉಪದೇಶಿ, ಚದುರಿದ ಕೆಲವು ಕುಟುಂಬಗಳು. ದೂರು ಹೋದರೆ ಠಾಣೆಗೆ ಕರೆಸುವುದು ಅವರನ್ನು. ಹತ್ತು ವರ್ಷ ಹಾಲು ಹಾಕುತ್ತಿದ್ದ ನೆರೆಯವಳು ಮುಖ ತಿರುಗಿಸುವುದು ಅವರಿಗೆ. ಶಾಲೆಯಲ್ಲಿ ಮಾತು ಕೇಳಬೇಕಾದದ್ದು ಅವರ ಮಕ್ಕಳು. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ಪ್ರಾರ್ಥನಾಲಯಗಳ ಮೇಲೆ ದಾಳಿಯಾದಾಗ ಬೇರೆ ಗುಂಪುಗಳ ಪುಸ್ತಿಕೆಗಳ ಹೆಸರು ಎತ್ತಿ ನಮ್ಮ ಆರಾಧನಾ ಮಠಕ್ಕೂ ನುಗ್ಗಲಾಗಿತ್ತು. ದಾಳಿಗೆ ಸಮರ್ಥನೆ ಇಲ್ಲ. ಆದರೆ ಒಬ್ಬರ ಮಾತಿಗೆ ಇನ್ನೊಬ್ಬರು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇವೆರಡೂ ಮೇಲ್ನೋಟಕ್ಕೆ ವಿರುದ್ಧ. ಆದರೆ ಎರಡರಲ್ಲಿಯೂ ತಂಡ ತನ್ನನ್ನೇ ನಡುವೆ ಇಟ್ಟುಕೊಂಡಿದೆ. ಸಾರುವ ಹೊಣೆ ಮೊದಲು ಆ ಊರಿನ ಸ್ಥಳೀಯ ಧರ್ಮಸಭೆಯದು. ತಂಡ ಅದಕ್ಕೆ ಹತ್ತು ದಿನದ ಕೈನೆರವು. ಇದೊಂದು ಮಾತು ಮನಸ್ಸಿಗೆ ಇಳಿದರೆ ಉಳಿದ ಅನೇಕ ಪ್ರಶ್ನೆಗಳಿಗೆ ದಾರಿ ತಾನಾಗಿ ಕಾಣುತ್ತದೆ.

ಧರ್ಮಸಭೆ ಏನು ಹೇಳುತ್ತದೆ

ಪೋಪ್ ಆರನೇ ಪೌಲ್ ಅವರು 1975ರ ಡಿಸೆಂಬರ್ 8ರಂದು ಹೊರಡಿಸಿದ ‘ಎವಾಂಜೆಲಿ ನುನ್ಷಿಯಾಂದಿ’ ಪತ್ರ ಈ ವಿಷಯದಲ್ಲಿ ಇನ್ನೂ ನಮ್ಮ ಮುಖ್ಯ ಆಧಾರ. ಬದುಕಿನ ಸಾಕ್ಷ್ಯವೇ ಮೊದಲ ಸಾರುವಿಕೆ ಎಂದು ಅದು ಹೇಳುತ್ತದೆ. ಅಷ್ಟಕ್ಕೇ ನಿಲ್ಲುವುದಿಲ್ಲ. ಯೇಸುವಿನ ಹೆಸರು, ಬೋಧನೆ, ಜೀವನವನ್ನು ಬಾಯಿಬಿಟ್ಟು ಹೇಳದೆ ಹೋದರೆ ಅತ್ಯುತ್ತಮ ಸಾಕ್ಷ್ಯವೂ ಸಾಲದು ಎಂದೂ ಅದರ 22ನೇ ಪರಿಚ್ಛೇದ ಸ್ಪಷ್ಟಪಡಿಸುತ್ತದೆ. ಮೊದಲ ರೀತಿಯ ತಂಡಕ್ಕೆ ಇದು ಉತ್ತರ.

ಎರಡನೆಯ ರೀತಿಯ ತಂಡಕ್ಕೂ ಉತ್ತರವಿದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯ ಮಿಷನ್ ಕುರಿತ ಕಟ್ಟಳೆ ‘ಆದ್ ಜೆಂತೆಸ್’ (1965) ತನ್ನ 13ನೇ ಪರಿಚ್ಛೇದದಲ್ಲಿ ಯಾರನ್ನೂ ಒತ್ತಾಯದಿಂದ ಅಥವಾ ಅನುಚಿತ ಆಮಿಷದಿಂದ ವಿಶ್ವಾಸಕ್ಕೆ ತರುವುದನ್ನು ಕಟ್ಟುನಿಟ್ಟಾಗಿ ನಿಷೇಧಿಸುತ್ತದೆ. ಪೋಪ್ ಹದಿನಾರನೇ ಬೆನೆಡಿಕ್ಟರು 2005ರ ‘ದೇವುಸ್ ಕಾರಿತಾಸ್ ಎಸ್ತ್’ ಪತ್ರದಲ್ಲಿ ಪರೋಪಕಾರವನ್ನು ಮತಾಂತರದ ಸಾಧನವಾಗಿ ಬಳಸಬಾರದು, ಪ್ರೀತಿಗೆ ಬೆಲೆ ಕೇಳಬಾರದು ಎಂದಿದ್ದಾರೆ. ದೇವರ ಬಗ್ಗೆ ಮಾತಾಡುವ ಹೊತ್ತು ಯಾವುದು, ಸುಮ್ಮನಿದ್ದು ಪ್ರೀತಿಯೇ ಮಾತಾಡಲು ಬಿಡುವ ಹೊತ್ತು ಯಾವುದು ಎಂದು ಕ್ರೈಸ್ತನಿಗೆ ತಿಳಿದಿರಬೇಕೆಂದೂ ಅಲ್ಲಿಯೇ ಇದೆ. ಯುವಜನರ ತರಬೇತಿಯಲ್ಲಿ ಈ ಭಾಗವನ್ನು ಪೂರ್ತಿ ಓದಿಸಬೇಕು.

1983ರ ಧರ್ಮಸಭಾ ಕಾನೂನು ಸಂಹಿತೆ ಇನ್ನೂ ನಿರ್ದಿಷ್ಟ. 862ನೇ ನಿಯಮದಂತೆ ಅನಿವಾರ್ಯ ಸಂದರ್ಭವನ್ನು ಬಿಟ್ಟರೆ ಪರಪ್ರದೇಶದಲ್ಲಿ ಅನುಮತಿಯಿಲ್ಲದೆ ಯಾರೂ ದೀಕ್ಷಾಸ್ನಾನ ಕೊಡುವಂತಿಲ್ಲ. 863ನೇ ನಿಯಮ ವಯಸ್ಕರ, ಅಂದರೆ ಕನಿಷ್ಠ 14 ವರ್ಷ ತುಂಬಿದವರ ದೀಕ್ಷಾಸ್ನಾನದ ವಿಷಯವನ್ನು ಧರ್ಮಾಧ್ಯಕ್ಷರ ಮುಂದೆ ಇಡಬೇಕೆನ್ನುತ್ತದೆ. 865ನೇ ನಿಯಮದ ಪ್ರಕಾರ ಆ ವ್ಯಕ್ತಿ ಸ್ವಇಚ್ಛೆಯನ್ನು ವ್ಯಕ್ತಪಡಿಸಿರಬೇಕು, ಸಾಕಷ್ಟು ಬೋಧನೆ ಪಡೆದಿರಬೇಕು, ಕ್ರೈಸ್ತ ಬದುಕಿನಲ್ಲಿ ಪರೀಕ್ಷೆಗೆ ಒಳಪಟ್ಟಿರಬೇಕು. ಇದಕ್ಕೆ ತಿಂಗಳುಗಳು, ಅನೇಕ ವೇಳೆ ವರ್ಷಗಳು ಬೇಕು. ಹತ್ತು ದಿನದ ತಂಡದಿಂದ ಇದು ಆಗುವ ಕೆಲಸವೇ ಅಲ್ಲ. ಹಾನಗಲ್ ಸುತ್ತ ಮೂರು ಧರ್ಮಪ್ರಾಂತ್ಯಗಳ ಗಡಿ ಕೂಡುತ್ತದೆ ಎಂದು ಮೇಲೆ ಹೇಳಿದ್ದು ಇದಕ್ಕೇ. ಸ್ನೇಹಿತ ಗುರುಗಳೊಬ್ಬರು ಫೋನಿನಲ್ಲಿ ‘ಬನ್ನಿ’ ಎಂದರೆಂದು ಹೊರಡುವುದಲ್ಲ. ಎರಡೂ ಕಡೆಯ ಧರ್ಮಾಧ್ಯಕ್ಷರ ಕಚೇರಿಗೆ ಪತ್ರ ಹೋಗಬೇಕು, ಆಯಾ ಊರಿನ ಧರ್ಮಕೇಂದ್ರದ ಗುರುಗಳ ಲಿಖಿತ ಒಪ್ಪಿಗೆ ಇರಬೇಕು.

ದೇಶದ ಕಾನೂನು

ಸಂವಿಧಾನದ 25ನೇ ವಿಧಿ ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟು ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಫಾದರ್ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1977ರಲ್ಲಿ, ಪ್ರಚಾರದ ಹಕ್ಕು ಎಂದರೆ ತನ್ನ ಧರ್ಮದ ತತ್ವಗಳನ್ನು ವಿವರಿಸಿ ಹರಡುವ ಹಕ್ಕೇ ಹೊರತು ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ ಎಂದು ಹೇಳಿತು. ಹೇಳುವುದು ನಮ್ಮದು, ಒಪ್ಪುವುದು ಬಿಡುವುದು ಕೇಳಿದವನದು ಎಂದು ನಮ್ಮ ಯುವಜನರಿಗೆ ವಿವರಿಸಬಹುದು.

ಕರ್ನಾಟಕದಲ್ಲಿ 2022ರಲ್ಲಿ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಬಂತು. ಬಲವಂತ, ವಂಚನೆ, ಆಮಿಷದ ಮತಾಂತರಕ್ಕೆ 3ರಿಂದ 5 ವರ್ಷ, ಅಪ್ರಾಪ್ತರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರ ವಿಷಯದಲ್ಲಿ 3ರಿಂದ 10 ವರ್ಷ ಸಜೆಯನ್ನು ಅದು ನಿಗದಿ ಮಾಡಿತು. ಮತಾಂತರವಾಗುವವರೂ ಮಾಡಿಸುವವರೂ 30 ದಿನ ಮುಂಚೆ ಜಿಲ್ಲಾಡಳಿತಕ್ಕೆ ತಿಳಿಸಬೇಕೆಂದಿತು. ಉಡುಗೊರೆ, ಹಣ, ಕೆಲಸ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಎಲ್ಲವೂ ಅದರ ಆಮಿಷದ ವ್ಯಾಖ್ಯೆಯೊಳಗೆ ಬಂದವು. 2023ರ ಜೂನ್ 15ರಂದು ರಾಜ್ಯ ಸಚಿವ ಸಂಪುಟ ಈ ಕಾಯ್ದೆಯನ್ನು ಹಿಂಪಡೆಯುವ ತೀರ್ಮಾನ ಪ್ರಕಟಿಸಿತು. ಪತ್ರಿಕೆಯ ಶೀರ್ಷಿಕೆ ಓದಿ ‘ಈಗ ಏನೂ ಭಯವಿಲ್ಲ’ ಎಂದುಕೊಳ್ಳದೆ, ಹೊರಡುವ ಮುನ್ನ ಅತಿಥೇಯ ಧರ್ಮಪ್ರಾಂತ್ಯದ ವಕೀಲರನ್ನು ಕೇಳಿ ಬರವಣಿಗೆಯಲ್ಲಿ ಸಲಹೆ ಪಡೆಯುವುದು ಸಂಘಟಕರ ಕರ್ತವ್ಯ.

ಗಲ್ಫ್, ಅಮೆರಿಕ, ಕೆನಡಾಗಳಿಂದ ರಜೆಗೆ ಬಂದ ನಮ್ಮ ಮಕ್ಕಳೂ ತಂಡ ಸೇರಲು ಬಯಸುತ್ತಾರೆ. ಸಂತೋಷವೇ. ಆದರೆ ವಿದೇಶಿ ಪಾಸ್‌ಪೋರ್ಟಿನಲ್ಲಿ ಪ್ರವಾಸಿ ವೀಸಾ ಪಡೆದು ಬಂದವರು ಮಿಷನರಿ ಕೆಲಸ ಮಾಡುವಂತಿಲ್ಲ. ಒಸಿಐ ಕಾರ್ಡ್ ಇದ್ದವರಿಗೂ 2021ರ ಮಾರ್ಚ್‌ನ ಅಧಿಸೂಚನೆಯಂತೆ ಅದಕ್ಕೆ ವಿಶೇಷ ಅನುಮತಿ ಬೇಕು. ಹಣದ ವಿಷಯವೂ ಹಾಗೆಯೇ. ಭಾರತೀಯ ಪಾಸ್‌ಪೋರ್ಟ್ ಹೊಂದಿದ ಅನಿವಾಸಿ ಬಂಧು ತನ್ನ ಉಳಿತಾಯದಿಂದ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ವಿದೇಶಿ ಪೌರತ್ವ ಪಡೆದ ಬಂಧು ಕೊಟ್ಟದ್ದು ವಿದೇಶಿ ದೇಣಿಗೆ, ಅದನ್ನು ಎಫ್‌ಸಿಆರ್‌ಎ ನೋಂದಣಿ ಇಲ್ಲದ ಯುವ ಸಂಘಟನೆಯ ಖಾತೆಗೆ ಹಾಕಿಸಿಕೊಳ್ಳುವುದು ಅಪರಾಧ. ಮೊತ್ತ ಚಿಕ್ಕದು ಎಂಬುದು ಉತ್ತರವಾಗುವುದಿಲ್ಲ.

ಹಳ್ಳಿಯಲ್ಲಿ

ಮೊದಲು ಭಾಷೆ. ನಾವು ನಮ್ಮೊಳಗೆ ಕೊಂಕಣಿ ಮಾತಾಡುತ್ತೇವೆ, ಅದು ಸಹಜ. ಆದರೆ ಊರಿನವರ ಮುಂದೆ ಕೊಂಕಣಿಯಲ್ಲಿ ಪಿಸುಗುಟ್ಟಿದರೆ ಅವರು ಏನೋ ಮುಚ್ಚಿಡುತ್ತಿದ್ದಾರೆಂದು ತಿಳಿಯುತ್ತಾರೆ. ಅಲ್ಲಿದ್ದಷ್ಟು ದಿನ ತಂಡದೊಳಗೂ ಕನ್ನಡ ಇರಲಿ. ಜಪಸರವನ್ನೂ ಕನ್ನಡದಲ್ಲಿ ಹೇಳಿರಿ, ಪಕ್ಕದ ಮನೆಯವರಿಗೆ ಅರ್ಥವಾದರೆ ಅನುಮಾನವಿಲ್ಲ. ನಮ್ಮ ಕರಾವಳಿಯ ಪುಸ್ತಕದ ಕನ್ನಡ ಅವರಿಗೆ ಸ್ವಲ್ಪ ಭಾಷಣದ ಹಾಗೆ ಕೇಳುತ್ತದೆ. ಅವರ ಮಾತನ್ನು ಅಣಕಿಸದೆ, ‘ಅಜ್ಜಾರ, ಆರಾಮ ಇದ್ದೀರೇನ್ರಿ?’ ಎಂದು ಕೇಳಲು ಕಲಿತರೆ ಸಾಕು, ‘ಬರ್ರಿ, ಕುಂದರ್ರಿ’ ಎಂಬ ಉತ್ತರ ಬರುತ್ತದೆ. ಲಂಬಾಣಿ ತಾಂಡಾಗಳಲ್ಲಿ ಕನ್ನಡವೂ ಎರಡನೆಯ ಭಾಷೆ, ಅಲ್ಲಿ ಸ್ಥಳೀಯ ಉಪದೇಶಿ ಇಲ್ಲದೆ ಹೋಗಲೇಬಾರದು.

ಮನೆ ಭೇಟಿಗೆ ಊರಿನ ಕ್ರೈಸ್ತ ಕುಟುಂಬದವರೊಬ್ಬರು ಮುಂದೆ, ತಂಡದ ಇಬ್ಬರು ಹಿಂದೆ. ಮೊದಲ ಭೇಟಿ ಕ್ರೈಸ್ತರ ಮನೆಗಳಿಗೇ ಆಗಲಿ. ಎಷ್ಟೋ ಕಡೆ ಈ ಕುಟುಂಬಗಳಿಗೆ ದೊಡ್ಡ ಸಮೂಹದಲ್ಲಿ ಹಾಡಿ ಪ್ರಾರ್ಥಿಸಿದ ಅನುಭವವೇ ಕಡಿಮೆ. ಹತ್ತಿಪ್ಪತ್ತು ಯುವಜನ ಅವರ ಅಂಗಳದಲ್ಲಿ ಕುಳಿತು ದೇವರ ವಾಕ್ಯ ಓದಿದರೆ ಅವರ ಬೆನ್ನು ನೇರವಾಗುತ್ತದೆ. ಮುಂದಿನ ತಿಂಗಳು ನೆರೆಯವನು ಕೇಳಿದಾಗ ಉತ್ತರ ಕೊಡುವವರು ಅವರೇ. ಅಲ್ಪಾವಧಿ ತಂಡದಿಂದ ಆಗುವ ಅತಿ ದೊಡ್ಡ ಸಾರುವಿಕೆ ಇದು ಎಂದು ನಮ್ಮ ಅಭಿಪ್ರಾಯ, ಆದರೆ ವರದಿಯಲ್ಲಿ ಇದಕ್ಕೆ ಒಂದು ಸಾಲೂ ಸಿಗುವುದಿಲ್ಲ.

ಬೇರೆ ಧರ್ಮದವರು ಕರೆದರೆ ಹೋಗಿರಿ, ಚಹಾ ಕುಡಿಯಿರಿ, ಅವರ ಹೊಲ, ಮಳೆ, ಮಕ್ಕಳ ಸುದ್ದಿ ಕೇಳಿರಿ. ‘ಯಾಕ ಬಂದೀರಿ’ ಎಂದು ಕೇಳಿದರೆ ಸತ್ಯವನ್ನೇ ಹೇಳಿರಿ: ನಾವು ಯೇಸುಸ್ವಾಮಿಯನ್ನು ನಂಬುವವರು, ಅವರು ನಮಗೆ ಹೀಗೆ ಮಾಡಿದ್ದಾರೆ, ನಮ್ಮ ಜನರ ಜೊತೆ ಇದ್ದು ಪ್ರಾರ್ಥಿಸಲು ಬಂದಿದ್ದೇವೆ. ಇದನ್ನು ಪ್ರತಿಯೊಬ್ಬನೂ ತನ್ನ ಮಾತಿನಲ್ಲಿ ಎರಡು ನಿಮಿಷ ಹೇಳಲು ಸಿದ್ಧನಿರಬೇಕು. ಮುಂದೆ ಕೇಳಿದರೆ ಮುಂದೆ ಹೇಳಬೇಕು, ಕೇಳದಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಅವರ ದೇವರು, ಮಠ, ದರ್ಗಾಗಳ ಬಗ್ಗೆ ಹಗುರವಾದ ಒಂದು ಶಬ್ದವೂ ಬರಕೂಡದು. ಇಂಥ ಮಾತಾಡಿದವನನ್ನು ಮರುದಿನದ ಬಸ್ಸಿಗೆ ಹತ್ತಿಸುವ ಅಧಿಕಾರ ಮುಖಂಡನಿಗಿರಬೇಕು.

ಹೊರಗಿನವರು ಊಹಿಸದ ಒಂದು ತೊಡಕು ಪರಮ ಪ್ರಸಾದದ್ದು. ಬಯಲಿನಲ್ಲಿ ಬಲಿಪೂಜೆ ನಡೆದರೆ ನೆರೆಹೊರೆಯವರು ಭಕ್ತಿಯಿಂದಲೇ ಬಂದು ಕುಳಿತುಕೊಳ್ಳುತ್ತಾರೆ. ‘ಪ್ರಸಾದ’ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಸಾಲಿನಲ್ಲಿ ನಿಲ್ಲುತ್ತಾರೆ. ಪ್ರಸಾದವನ್ನು ನಿರಾಕರಿಸುವುದು ಅವರ ಲೆಕ್ಕದಲ್ಲಿ ಅವಮಾನ. ಆದ್ದರಿಂದ ಗುರುಗಳು ಪೂಜೆಗೆ ಮೊದಲೇ, ಇದು ದೀಕ್ಷೆ ಪಡೆದವರಿಗೆ ಸಲ್ಲುವ ಸಂಸ್ಕಾರ, ಉಳಿದವರು ಆಶೀರ್ವಾದಕ್ಕೆ ಬರಬಹುದು ಎಂದು ಮೃದುವಾಗಿ ತಿಳಿಸಬೇಕು. ಪೂಜೆಯ ನಂತರ ಎಲ್ಲರಿಗೂ ಮಂಡಕ್ಕಿ, ಬೆಲ್ಲ, ಬಾಳೆಹಣ್ಣು ಹಂಚಿದರೆ ಯಾರ ಮನಸ್ಸೂ ನೋಯುವುದಿಲ್ಲ. ಲಿಂಗಾಯತ ಹಿರಿಯರಿಗೆ ದೀಕ್ಷೆಯ ಮಾತು ತಕ್ಷಣ ಅರ್ಥವಾಗುತ್ತದೆ, ಅವರಲ್ಲಿಯೂ ದೀಕ್ಷೆ ಇದೆ.

ರೋಗಿಗಳಿಗಾಗಿ ಪ್ರಾರ್ಥಿಸಿರಿ ಎಂದು ಜನ ಕೇಳುತ್ತಾರೆ. ಪ್ರಾರ್ಥಿಸಬೇಕು. ಗುಣವಾಗುತ್ತದೆಂದು ಭರವಸೆ ಕೊಡಬಾರದು. ಮೂರ್ಛೆರೋಗ, ಕ್ಷಯ, ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಲು ಯಾರೂ ಬಾಯಿತಪ್ಪಿಯೂ ಹೇಳಬಾರದು. ಕ್ಷಯದ ಮಾತ್ರೆ ಅರ್ಧಕ್ಕೆ ಬಿಟ್ಟರೆ ರೋಗ ಔಷಧಿಗೆ ಬಗ್ಗದಂತಾಗುತ್ತದೆ, ಆಗ ಇಡೀ ಮನೆಗೆ ಅಪಾಯ. ತಂಡದಲ್ಲಿ ವೈದ್ಯರಿದ್ದು ತಪಾಸಣಾ ಶಿಬಿರ ಇಟ್ಟರೆ ಅದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಎಲ್ಲರಿಗೂ, ಯಾವ ಪ್ರಾರ್ಥನೆಯ ಷರತ್ತೂ ಇಲ್ಲದೆ ನಡೆಯಬೇಕು. ಪ್ರಾರ್ಥನಾ ಕೂಟದ ಸ್ಥಳವೂ ಹೊತ್ತೂ ಬೇರೆಯಾಗಿರಲಿ. ಬಟ್ಟೆ, ಪುಸ್ತಕ, ದಿನಸಿ ಕಿಟ್ ತಂಡದ ಕೈಯಿಂದ ಹಂಚುವುದೇ ಬೇಡ ಎನ್ನುತ್ತೇವೆ. ತಂದದ್ದನ್ನು ಧರ್ಮಕೇಂದ್ರಕ್ಕೋ ಶಾಲೆಗೋ ಒಪ್ಪಿಸಿದರೆ ಯಾರಿಗೆ ನಿಜವಾಗಿ ಬೇಕು ಎಂದು ತಿಳಿದವರು ಆಮೇಲೆ ಹಂಚುತ್ತಾರೆ. ಮಕ್ಕಳೊಂದಿಗೆ ತಂಡದವರು ಒಂಟಿಯಾಗಿ ಇರಬಾರದು, ಪೋಷಕರ ಒಪ್ಪಿಗೆಯಿಲ್ಲದೆ ಫೋಟೋ ತೆಗೆಯಬಾರದು. ಹರಕು ಅಂಗಿಯ ಮಗುವಿನ ಜೊತೆ ತೆಗೆದ ಸೆಲ್ಫಿ ವಾಟ್ಸ್‌ಆ್ಯಪ್‌ನಲ್ಲಿ ಹಾನಗಲ್ಲಿಗೂ ಮರಳಿ ತಲುಪುತ್ತದೆ ಎಂಬುದನ್ನು ನಮ್ಮವರು ಮರೆಯುತ್ತಾರೆ.

ದಿನಚರಿಯಲ್ಲಿ ಬಲಿಪೂಜೆ, ಒಂದು ಗಂಟೆಯ ವಾಕ್ಯ ಧ್ಯಾನ, ರಾತ್ರಿ ದಿನದ ಅವಲೋಕನ ಈ ಮೂರನ್ನು ಯಾವ ಕಾರಣಕ್ಕೂ ಬಿಡಬಾರದು. ಬಣ್ಣ ಬಳಿಯುವುದು ಅರ್ಧಕ್ಕೆ ನಿಂತರೆ ನಿಲ್ಲಲಿ. ರಾತ್ರಿಯ ಅವಲೋಕನದಲ್ಲಿ ‘ಇಂದು ಎಷ್ಟು ಮನೆ’ ಎಂದು ಕೇಳುವ ಬದಲು ‘ಇಂದು ಯಾರ ಹೆಸರು ಕಲಿತೆವು, ಯೇಸುವಿನ ಬಗ್ಗೆ ಯಾರು ಕೇಳಿದರು, ಏನು ಹೇಳಿದೆವು’ ಎಂದು ಕೇಳಿದರೆ ತಂಡ ಎತ್ತ ಸಾಗುತ್ತಿದೆ ಎಂದು ಗೊತ್ತಾಗುತ್ತದೆ.

ಹಿಂದಿರುಗಿದ ಮೇಲೆ

ಆಸಕ್ತಿಯಿಂದ ಪ್ರಶ್ನೆ ಕೇಳಿದವರು ಇದ್ದರೆ ಅವರ ಒಪ್ಪಿಗೆ ಪಡೆದು ಅವರನ್ನು ಸ್ಥಳೀಯ ಗುರುಗಳಿಗೆ ಅಥವಾ ಉಪದೇಶಿಗೆ ಮುಖತಃ ಪರಿಚಯಿಸಿ ಬರಬೇಕು. ಅವರೊಂದಿಗೆ ಕರಾವಳಿಯಿಂದ ಫೋನಿನಲ್ಲಿ ಬೇರೆಯೇ ಒಂದು ಬೋಧನೆ ನಡೆಸುವುದು ಸ್ಥಳೀಯ ಸಭೆಗೆ ಮಾಡುವ ಅನ್ಯಾಯ. ಮರುವರ್ಷ ತಂಡ ಹೋಗುವುದಾದರೆ ಹೊಸ ಊರಿಗೆ ಬದಲು ಅದೇ ಊರಿಗೆ ಹೋಗಲಿ. ಐದು ವರ್ಷ ಒಂದೇ ಊರಿಗೆ ಹೋದ ತಂಡಕ್ಕೆ ಅಲ್ಲಿನ ಮಕ್ಕಳ ಹೆಸರು ಗೊತ್ತಿರುತ್ತದೆ. ಐದು ಊರು ಸುತ್ತಿದ ತಂಡದ ಬಳಿ ಐದು ಆಲ್ಬಮ್‌ಗಳಿರುತ್ತವೆ.

ಉಪದೇಶಿಗಳ ವಿಷಯವನ್ನೂ ಹೇಳಬೇಕು. ಇಡೀ ವರ್ಷ ಸೈಕಲ್, ಬೈಕಿನಲ್ಲಿ ಹಳ್ಳಿ ತಿರುಗುವ ಉಪದೇಶಿಯ ಸಂಭಾವನೆ ಎಷ್ಟು ಎಂದು ತಂಡದ ಸಂಘಟಕರು ಅಲ್ಲಿನ ಗುರುಗಳನ್ನು ಕೇಳಿ ತಿಳಿಯಲಿ. ಐವತ್ತು ಜನರ ಬಸ್ಸು, ಊಟ, ಟಿ-ಶರ್ಟು, ಬ್ಯಾನರುಗಳ ಒಟ್ಟು ಖರ್ಚನ್ನು ಅದರ ಪಕ್ಕದಲ್ಲಿ ಬರೆದು ಪಾಲನಾ ಪರಿಷತ್ತಿನ ಮುಂದೆ ಇಡಲಿ. ಹದಿನೈದು ಜನ ಹೋಗಿ ಉಳಿದ ಹಣದಲ್ಲಿ ಒಬ್ಬ ಉಪದೇಶಿಯ ವರ್ಷದ ಖರ್ಚಿಗೆ ನೆರವಾಗಬಹುದೆಂದು ಲೆಕ್ಕವೇ ಹೇಳಿದರೆ ಹಾಗೆಯೇ ಮಾಡಬೇಕು. ಟಿ-ಶರ್ಟು ಇಲ್ಲದೆಯೂ ಮಿಷನ್ ನಡೆಯುತ್ತದೆ.

ಕೊನೆಯದಾಗಿ, ನಮ್ಮ ಗುರ್ಕಾರರಿಗೆ ಒಂದು ವಿನಂತಿ. ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆಗಳಿಂದ ಬಂದ ಸಾವಿರಾರು ಜನ ಮಂಗಳೂರು, ಉಡುಪಿಯ ಕಟ್ಟಡ ಕೆಲಸಗಳಲ್ಲಿ, ಕೆಂಪುಕಲ್ಲಿನ ಕೋರೆಗಳಲ್ಲಿ, ಮೀನುಗಾರಿಕೆ ಬಂದರುಗಳಲ್ಲಿ ದುಡಿಯುತ್ತಿದ್ದಾರೆ. ತಂಡ ಹುಡುಕಿಕೊಂಡು ಹೋದ ಮನೆಗೆ ಬೀಗ ಹಾಕಿದ್ದರೆ, ಆ ಮನೆಯವರು ನಮ್ಮದೇ ಚರ್ಚಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಇರಬಹುದು. ಅವರಲ್ಲಿ ಕೆಲವರು ಕಥೋಲಿಕರು. ನಮ್ಮ ಭಾನುವಾರದ ಪೂಜೆ ಕೊಂಕಣಿಯಲ್ಲಿ ನಡೆಯುವುದರಿಂದ ಬಾಗಿಲ ಬಳಿ ನಿಂತು ಹೋಗುತ್ತಾರೆ, ಅಥವಾ ಬರುವುದೇ ಇಲ್ಲ. ಪ್ರತಿ ವಾಳೆಯಲ್ಲಿ ಇಂಥ ಕುಟುಂಬಗಳು ಎಷ್ಟಿವೆ, ಅವರ ಮಕ್ಕಳು ಶಾಲೆಗೆ ಹೋಗುತ್ತಾರೆಯೇ, ಅವರ ಊರು ಯಾವುದು, ಅಲ್ಲಿನ ಧರ್ಮಕೇಂದ್ರ ಯಾವುದು ಎಂಬುದನ್ನು ಬರೆದು ಧರ್ಮಗುರುಗಳಿಗೆ ಕೊಡಿರಿ. ತಿಂಗಳಿಗೆ ಒಂದು ಕನ್ನಡ ಬಲಿಪೂಜೆ ಸಾಧ್ಯವೇ ಎಂದು ಪಾಲನಾ ಪರಿಷತ್ತಿನಲ್ಲಿ ಕೇಳಿರಿ. ಮೇ ತಿಂಗಳಲ್ಲಿ ಹಾನಗಲ್ಲಿಗೆ ಹೊರಡಬೇಕೆಂದಿರುವ ಯುವಜನರು ಜನವರಿಯಿಂದಲೇ ಪ್ರತಿ ಭಾನುವಾರ ಸಂಜೆ ಈ ಶೆಡ್ಡುಗಳಿಗೆ ಹೋಗಿ ಬರಲಿ. ಆ ಕಡೆಯ ಮಾತು ಕಲಿಯಲು ಬೇರೆ ತರಗತಿ ಬೇಕಾಗುವುದಿಲ್ಲ, ಊರಿಗೆ ಹೋದಾಗ ಯಾರ ಮನೆಯಲ್ಲಿ ಇಳಿಯಬೇಕೆಂದು ಅವರೇ ಹೇಳುತ್ತಾರೆ.